ರಂಜಕ: ಗುಣಲಕ್ಷಣಗಳು, ಆವರ್ತಕ ಕೋಷ್ಟಕದಲ್ಲಿನ ಸ್ಥಾನ ಹಾಗೂ ಮಣ್ಣು ಪರೀಕ್ಷಾ ವರದಿಯಲ್ಲಿ ಅದರ ಅರ್ಥ

1. ಪೀಠಿಕೆ

ಮಣ್ಣು ಪರೀಕ್ಷೆಗಾಗಿ ಮಾದರಿ ಸಲ್ಲಿಸುವ ರೈತರಿಗೆ ನೀಡಲಾಗುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ. ಸಾರಜನಕ ಮತ್ತು ಪೊಟ್ಯಾಷ್ ಜೊತೆಯಲ್ಲಿ ನಮೂದಾಗುವ ರಂಜಕವು ಅವುಗಳಲ್ಲಿ ಒಂದಾಗಿದೆ. ಡಿ.ಎ.ಪಿ., ಸೂಪರ್ ಫಾಸ್ಫೇಟ್ ಮುಂತಾದ ರಸಗೊಬ್ಬರಗಳಿಗೆ ರೈತರು ವೆಚ್ಚ ಮಾಡುವುದು ಮುಖ್ಯವಾಗಿ ಈ ಧಾತುವಿಗಾಗಿಯೇ. ಆದರೆ ಹಾಕಿದ ರಂಜಕದ ಬಹುಭಾಗವು ಆ ವರ್ಷದ ಬೆಳೆಗೆ ದೊರೆಯದೆ ಮಣ್ಣಿನಲ್ಲೇ ಬಂಧಿತವಾಗುತ್ತದೆ. ಹೀಗಾಗಲು ಕಾರಣವು ರಂಜಕದ ಪರಮಾಣುವಿನ ರಚನೆಯಲ್ಲಿದೆ. ಆವರ್ತಕ ಕೋಷ್ಟಕದಲ್ಲಿ ಅದು ಪಡೆದಿರುವ ಸ್ಥಾನವನ್ನು ತಿಳಿದವರಿಗೆ ಮಣ್ಣು ಪರೀಕ್ಷಾ ವರದಿಯಲ್ಲಿನ ಅಂಕಿಯ ಅರ್ಥವೂ ಸುಲಭವಾಗಿ ತಿಳಿಯುತ್ತದೆ. ಈ ಉದ್ದೇಶದಿಂದ ರೈತರು, ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಮೂಲ ವಿವರಗಳು

ಧಾತುವಿನ ಹೆಸರು: ರಂಜಕ (ಫಾಸ್ಫರಸ್)
ಸಂಕೇತ: ಪಿ
ಪರಮಾಣು ಸಂಖ್ಯೆ: 15
ಪರಮಾಣು ತೂಕ: 30.974
ಆವರ್ತಕ ಕೋಷ್ಟಕದಲ್ಲಿನ ಸ್ಥಾನ: 3ನೇ ಆವರ್ತ, 15ನೇ ಗುಂಪು
ವರ್ಗ: ಅಲೋಹ
ಎಲೆಕ್ಟ್ರಾನ್ ಜೋಡಣೆ: 2, 8, 5
ಸಾಮಾನ್ಯ ವೇಲೆನ್ಸಿಗಳು: 3 ಮತ್ತು 5
ಸ್ಥಿರ ಸಮಸ್ಥಾನಿ: ರಂಜಕ-31 ಮಾತ್ರ
ಬಿಳಿ ರಂಜಕದ ಕರಗುವ ಬಿಂದು: ಸುಮಾರು 44 ಡಿಗ್ರಿ ಸೆಲ್ಸಿಯಸ್
ಬಿಳಿ ರಂಜಕದ ಕುದಿಯುವ ಬಿಂದು: ಸುಮಾರು 280 ಡಿಗ್ರಿ ಸೆಲ್ಸಿಯಸ್
ಭೂಮಿಯ ಹೊರಪದರದಲ್ಲಿನ ಪ್ರಮಾಣ: ಸುಮಾರು ಶೇಕಡಾ 0.1

3. ಆವರ್ತಕ ಕೋಷ್ಟಕದಲ್ಲಿ ರಂಜಕದ ಸ್ಥಾನ

ಆವರ್ತಕ ಕೋಷ್ಟಕದಲ್ಲಿ ಧಾತುಗಳನ್ನು ಪರಮಾಣು ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಜೋಡಿಸಲಾಗಿದೆ. ಅಡ್ಡಸಾಲುಗಳನ್ನು ಆವರ್ತಗಳೆಂದೂ ಕಂಬಸಾಲುಗಳನ್ನು ಗುಂಪುಗಳೆಂದೂ ಕರೆಯಲಾಗುತ್ತದೆ. ಒಂದೇ ಗುಂಪಿಗೆ ಸೇರಿದ ಧಾತುಗಳ ಹೊರ ಕವಚದ ಎಲೆಕ್ಟ್ರಾನ್ ಜೋಡಣೆ ಒಂದೇ ಬಗೆಯದಾಗಿರುವುದರಿಂದ ಅವುಗಳ ರಾಸಾಯನಿಕ ವರ್ತನೆಯಲ್ಲಿಯೂ ಸಾಮ್ಯವಿರುತ್ತದೆ. ರಷ್ಯಾದ ವಿಜ್ಞಾನಿ ಡಿಮಿಟ್ರಿ ಮೆಂಡಲೀವ್ 1869ರಲ್ಲಿ ಪ್ರಕಟಿಸಿದ ಮೊದಲ ಕೋಷ್ಟಕದಲ್ಲಿಯೇ ರಂಜಕವು ಸಾರಜನಕ ಮತ್ತು ಆರ್ಸೆನಿಕ್‌ಗಳ ನಡುವೆ ಸ್ಥಾನ ಪಡೆದಿತ್ತು.

ರಂಜಕದ ಎಡಬದಿಯಲ್ಲಿ ಸಿಲಿಕಾನ್ (14), ಬಲಬದಿಯಲ್ಲಿ ಗಂಧಕ (16), ಮೇಲ್ಗಡೆ ಸಾರಜನಕ (7) ಹಾಗೂ ಕೆಳಗಡೆ ಆರ್ಸೆನಿಕ್ (33) ಇರುತ್ತವೆ. ಅದೇ ಗುಂಪಿನಲ್ಲಿ ಇನ್ನೂ ಕೆಳಗೆ ಆಂಟಿಮನಿ (51), ಬಿಸ್ಮತ್ (83) ಮತ್ತು 2016ರಲ್ಲಿ ಅಧಿಕೃತವಾಗಿ ಹೆಸರು ಪಡೆದ ಮಾಸ್ಕೋವಿಯಂ (115) ಇವೆ. ಗುಂಪಿನಲ್ಲಿ ಮೇಲಿನಿಂದ ಕೆಳಗೆ ಬಂದಂತೆ ಅಲೋಹ ಗುಣ ಕಡಿಮೆಯಾಗಿ ಲೋಹ ಗುಣ ಹೆಚ್ಚುತ್ತದೆ. ಸಾರಜನಕ ಮತ್ತು ರಂಜಕ ಅಲೋಹಗಳು, ಆರ್ಸೆನಿಕ್ ಮತ್ತು ಆಂಟಿಮನಿ ಲೋಹಾಭಗಳು, ಬಿಸ್ಮತ್ ಲೋಹವಾಗಿದೆ.

ಈ ಸ್ಥಾನದಿಂದ ಮೂರು ಮುಖ್ಯ ಸಂಗತಿಗಳು ತಿಳಿದುಬರುತ್ತವೆ.

(ಅ) ರಂಜಕವು ಪ್ರಕೃತಿಯಲ್ಲಿ ಸ್ವತಂತ್ರವಾಗಿ ದೊರೆಯುವುದಿಲ್ಲ. ಹೊರ ಕವಚದಲ್ಲಿ 5 ಎಲೆಕ್ಟ್ರಾನ್‌ಗಳಿರುವ ಈ ಪರಮಾಣುವು ಆಮ್ಲಜನಕದೊಡನೆ ಅತ್ಯಂತ ದೃಢವಾದ ಬಂಧವನ್ನು ಹೊಂದುತ್ತದೆ. ಆದುದರಿಂದ ಭೂಮಿಯ ಮೇಲೆ ಅದು ಒಂದು ರಂಜಕ ಮತ್ತು ನಾಲ್ಕು ಆಮ್ಲಜನಕ ಪರಮಾಣುಗಳ ಫಾಸ್ಫೇಟ್ ರೂಪದಲ್ಲಿ, ಮುಖ್ಯವಾಗಿ ಅಪಟೈಟ್ ಎಂಬ ಖನಿಜದಲ್ಲಿ ಕಂಡುಬರುತ್ತದೆ.

(ಆ) ರಂಜಕವು ಗಾಳಿಯಲ್ಲಿ ಇಲ್ಲ. ಸಾರಜನಕದ ಪರಮಾಣು ಚಿಕ್ಕದು; ಎರಡು ಪರಮಾಣುಗಳು ಮೂರು ಬಂಧಗಳಿಂದ ಕೂಡಿಕೊಂಡು ಅನಿಲವಾಗುತ್ತವೆ. ವಾತಾವರಣದ ಶೇಕಡಾ 78 ಭಾಗ ಈ ಅನಿಲವೇ ಆಗಿದೆ. ರಂಜಕದ ಪರಮಾಣು ದೊಡ್ಡದಾದುದರಿಂದ ಇಂತಹ ಮೂರು ಬಂಧಗಳ ಜೋಡಿ ಅದಕ್ಕೆ ಸ್ಥಿರವಾಗಿ ಸಾಧ್ಯವಾಗುವುದಿಲ್ಲ. ಅದು ಒಂಟಿ ಬಂಧಗಳ ಮೂಲಕ ಹಲವು ಪರಮಾಣುಗಳೊಡನೆ ಸೇರಿ ಘನವಸ್ತುವಾಗುತ್ತದೆ. ತೊಗರಿ, ಕಡಲೆ, ಹೆಸರು ಮುಂತಾದ ದ್ವಿದಳ ಬೆಳೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸೇರಿಸಬಲ್ಲವು. ರಂಜಕವನ್ನು ಹೀಗೆ ಪಡೆಯುವ ಮಾರ್ಗ ಯಾವ ಬೆಳೆಗೂ ಇಲ್ಲ. ಒಂದು ಟನ್ ಏಕದಳ ಧಾನ್ಯದೊಡನೆ ಸುಮಾರು 3 ಕೆ.ಜಿ. ರಂಜಕವು ಹೊಲದಿಂದ ಹೊರಹೋಗುತ್ತದೆ. ಅದನ್ನು ಗೊಬ್ಬರದ ಮೂಲಕವೇ ಮರಳಿಸಬೇಕಾಗುತ್ತದೆ.

(ಇ) ಆರ್ಸೆನಿಕ್ ರಂಜಕವನ್ನು ಹೋಲುತ್ತದೆ. ಒಂದೇ ಗುಂಪಿಗೆ ಸೇರಿದ ಕಾರಣ ಆರ್ಸೆನೇಟ್ ಎಂಬ ಸಂಯುಕ್ತದ ರಚನೆ ಫಾಸ್ಫೇಟ್‌ನಂತೆಯೇ ಇರುತ್ತದೆ. ಫಾಸ್ಫೇಟ್ ಒಳಸೇರುವ ದಾರಿಯಲ್ಲೇ ಅದು ಜೀವಕೋಶವನ್ನು ಸೇರಿ ಅಲ್ಲಿನ ಶಕ್ತಿ ಉತ್ಪಾದನೆಗೆ ಅಡ್ಡಿಯುಂಟುಮಾಡುತ್ತದೆ. ಆರ್ಸೆನಿಕ್ ವಿಷವಾಗಿರುವುದಕ್ಕೆ ಇದೂ ಒಂದು ಕಾರಣವಾಗಿದೆ.

4. ಶೋಧನೆಯ ಹಿನ್ನೆಲೆ

ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬುವರು 1669ರಲ್ಲಿ ಮೂತ್ರವನ್ನು ಬತ್ತಿಸಿ, ಶೇಷವನ್ನು ತೀವ್ರವಾಗಿ ಕಾಯಿಸಿದಾಗ ಕತ್ತಲೆಯಲ್ಲಿ ಹೊಳೆಯುವ ಮೇಣದಂತಹ ವಸ್ತುವನ್ನು ಪಡೆದರು. ಅವರು ಹುಡುಕುತ್ತಿದ್ದುದು ಚಿನ್ನ ತಯಾರಿಕೆಯ ರಹಸ್ಯವನ್ನು. ದೊರೆತ ವಸ್ತುವಿಗೆ ಗ್ರೀಕ್ ಭಾಷೆಯಲ್ಲಿ ‘ಬೆಳಕನ್ನು ಹೊತ್ತದ್ದು’ ಎಂಬ ಅರ್ಥ ಬರುವ ಫಾಸ್ಫರಸ್ ಎಂಬ ಹೆಸರು ಬಂದಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ನಿನ ಗಾನ್ ಮತ್ತು ಶೀಲೆ ಅವರು ಮೂಳೆಗಳಲ್ಲಿ ರಂಜಕವಿರುವುದನ್ನು ತೋರಿಸಿದರು. ಅನಂತರ ಮೂಳೆಯೇ ಅದರ ಮುಖ್ಯ ಮೂಲವಾಯಿತು. ರಂಜಕವು ಒಂದು ಮೂಲಧಾತು ಎಂಬುದನ್ನು ಫ್ರಾನ್ಸಿನ ಲವಾಸಿಯೆ 1777ರಲ್ಲಿ ಗುರುತಿಸಿದರು.

ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಅವರು ಫಾಸ್ಫೇಟನ್ನು ಗಂಧಕಾಮ್ಲದೊಡನೆ ಸೇರಿಸಿ ಸೂಪರ್ ಫಾಸ್ಫೇಟ್ ತಯಾರಿಸುವ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದರು. ಭಾರತದಲ್ಲಿ ಈ ಗೊಬ್ಬರದ ಮೊದಲ ಕಾರ್ಖಾನೆಯು 1906ರಲ್ಲಿ ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ ಆರಂಭವಾಯಿತು.

5. ರಂಜಕದ ವಿವಿಧ ರೂಪಗಳು

ಒಂದೇ ಧಾತುವಿನ ಪರಮಾಣುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡಾಗ ಬೇರೆ ಬೇರೆ ಗುಣಗಳ ವಸ್ತುಗಳಾಗುತ್ತವೆ. ಇವುಗಳನ್ನು ಬಹುರೂಪಗಳೆನ್ನಲಾಗುತ್ತದೆ. ರಂಜಕದ ಪ್ರಮುಖ ಬಹುರೂಪಗಳು ಈ ಕೆಳಕಂಡಂತಿವೆ.

ಬಿಳಿ ರಂಜಕ: ನಾಲ್ಕು ಪರಮಾಣುಗಳು ನಾಲ್ಕು ಮೂಲೆಗಳಲ್ಲಿ ಕುಳಿತು, ಪರಸ್ಪರ 60 ಡಿಗ್ರಿ ಕೋನದ ಇಕ್ಕಟ್ಟಿನ ಬಂಧಗಳಿಂದ ಕೂಡಿರುತ್ತವೆ. ಈ ಬಿಗಿತದ ಕಾರಣದಿಂದ ಇದು ಬಹಳ ಕ್ರಿಯಾಶೀಲವಾಗಿರುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಸಾಮಾನ್ಯ ಹಗಲಿನ ತಾಪದಲ್ಲಿಯೇ, ಗಾಳಿಗೆ ತೆರೆದಿಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಇದನ್ನು ನೀರಿನಲ್ಲಿ ಮುಳುಗಿಸಿಡಲಾಗುತ್ತದೆ. ಇದು ತೀವ್ರ ವಿಷಕಾರಿಯಾಗಿದೆ. ಬೆಳಕಿಗೆ ಒಡ್ಡಿದಾಗ ಹಳದಿ ಬಣ್ಣಕ್ಕೆ ತಿರುಗುವುದರಿಂದ ಹಳದಿ ರಂಜಕವೆಂದೂ ಕರೆಯುವುದುಂಟು.

ಕೆಂಪು ರಂಜಕ: ಗಾಳಿಯಿಲ್ಲದೆಡೆ ಬಿಳಿ ರಂಜಕವನ್ನು ಕಾಯಿಸಿದಾಗ ದೊರೆಯುತ್ತದೆ. ವಿಯೆನ್ನಾದ ಆಂಟನ್ ಶ್ರೋಟರ್ ಅವರು 1840ರ ದಶಕದಲ್ಲಿ ಇದನ್ನು ವಿವರಿಸಿದರು. ಇಲ್ಲಿ ಪರಮಾಣುಗಳು ಸರಪಳಿಯಂತೆ ಜೋಡಣೆಗೊಂಡಿರುತ್ತವೆ. ಇದು ಹೊತ್ತಿಕೊಳ್ಳಲು ಸುಮಾರು 240 ಡಿಗ್ರಿಗೂ ಹೆಚ್ಚಿನ ತಾಪ ಬೇಕಾಗುತ್ತದೆ. ಬಿಳಿ ರಂಜಕದಷ್ಟು ವಿಷಕಾರಿಯಲ್ಲ.

ಕಪ್ಪು ರಂಜಕ: ಅಮೆರಿಕದ ಪಿ.ಡಬ್ಲ್ಯು. ಬ್ರಿಜ್‌ಮನ್ ಅವರು 1914ರಲ್ಲಿ ಅಧಿಕ ಒತ್ತಡವನ್ನು ಬಳಸಿ ಪಡೆದರು. ಗ್ರಾಫೈಟಿನಂತೆ ಪದರ ಪದರವಾಗಿದ್ದು ವಿದ್ಯುತ್ತನ್ನು ಹರಿಯಗೊಡುತ್ತದೆ. ಮೂರು ರೂಪಗಳಲ್ಲಿ ಇದೇ ಅತ್ಯಂತ ಸ್ಥಿರವಾದುದು.

ಈ ವ್ಯತ್ಯಾಸವು ಮನುಷ್ಯರ ಜೀವಕ್ಕೇ ಸಂಬಂಧಿಸಿದ್ದಾಗಿತ್ತು. 19ನೇ ಶತಮಾನದಲ್ಲಿ ಬೆಂಕಿಕಡ್ಡಿಯ ತಲೆಗೆ ಬಿಳಿ ರಂಜಕವನ್ನು ಬಳಸಲಾಗುತ್ತಿತ್ತು. ಅದರ ಹೊಗೆಯನ್ನು ವರ್ಷಗಟ್ಟಲೆ ಸೇವಿಸಿದ ಕಾರ್ಮಿಕರ ದವಡೆಯ ಮೂಳೆ ಕೊಳೆಯುತ್ತಿತ್ತು. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಅದರ ಬಳಕೆಯನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತದಲ್ಲಿ 1913ರಲ್ಲಿ ಬಿಳಿ ರಂಜಕದ ಬೆಂಕಿಕಡ್ಡಿಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಲಾಯಿತು. ಇಂದಿನ ಸುರಕ್ಷಿತ ಬೆಂಕಿಕಡ್ಡಿಯ ತಲೆಯಲ್ಲಿ ರಂಜಕವಿರುವುದಿಲ್ಲ. ಪೊಟ್ಟಣದ ಬದಿಯ ಉಜ್ಜುವ ಪಟ್ಟಿಯಲ್ಲಿ ಕೆಂಪು ರಂಜಕವಿರುತ್ತದೆ.

6. ಜೀವಿಗಳಲ್ಲಿ ರಂಜಕ

ರಂಜಕವಿಲ್ಲದೆ ಯಾವ ಜೀವಿಯೂ ಬದುಕಲಾರದು. ಅನುವಂಶೀಯ ಗುಣಗಳನ್ನು ಹೊತ್ತ ಡಿ.ಎನ್.ಎ. ಎಳೆಯ ಬೆನ್ನೆಲುಬು ಫಾಸ್ಫೇಟ್‌ನಿಂದ ಕಟ್ಟಲ್ಪಟ್ಟಿದೆ. ಜೀವಕೋಶಗಳಲ್ಲಿ ಶಕ್ತಿಯನ್ನು ಸಾಗಿಸುವ ಎ.ಟಿ.ಪಿ. ಎಂಬ ಅಣುವಿನಲ್ಲಿ ಮೂರು ಫಾಸ್ಫೇಟ್‌ಗಳಿವೆ. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿದ್ದು, ಅದರಲ್ಲಿ ಶೇಕಡಾ 85ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ.

ಸಸ್ಯಗಳಲ್ಲಿ ರಂಜಕವು ಬೇರಿನ ಬೆಳವಣಿಗೆಗೆ, ಹೂ ಬಿಡುವುದಕ್ಕೆ ಹಾಗೂ ಕಾಳು ಕಟ್ಟುವುದಕ್ಕೆ ಅವಶ್ಯಕವಾಗಿದೆ. ಕೊರತೆಯಾದಾಗ ಗಿಡವು ಗಿಡ್ಡಾಗಿ ಉಳಿಯುತ್ತದೆ. ಹಳೆಯ ಎಲೆಗಳು ಕಡು ಹಸಿರು ಅಥವಾ ನೇರಳೆ ಛಾಯೆಗೆ ತಿರುಗುತ್ತವೆ. ಬೆಳೆ ಮಾಗುವುದು ತಡವಾಗುತ್ತದೆ. ಗಿಡದೊಳಗೆ ರಂಜಕವು ಹಳೆಯ ಎಲೆಯಿಂದ ಹೊಸ ಚಿಗುರಿಗೆ ಸಾಗುವುದರಿಂದ ಲಕ್ಷಣಗಳು ಮೊದಲು ಕೆಳಗಿನ ಎಲೆಗಳಲ್ಲಿ ಕಾಣಿಸಿಕೊಳ್ಳುತ್ತವೆ.

7. ಮಣ್ಣಿನಲ್ಲಿ ರಂಜಕದ ವರ್ತನೆ

ಮಣ್ಣಿನಲ್ಲಿ ರಂಜಕವು ಸಾಕಷ್ಟಿದ್ದರೂ ಬೆಳೆಗೆ ಅದು ದೊರೆಯದೆ ಇರಬಹುದು. ಫಾಸ್ಫೇಟ್ ಋಣ ವಿದ್ಯುದಾವೇಶವುಳ್ಳದ್ದು. ಧನ ಆವೇಶವುಳ್ಳ ಲೋಹಗಳೊಡನೆ ಅದು ಸುಲಭವಾಗಿ ಸೇರಿ ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಯಾವ ಲೋಹದೊಡನೆ ಸೇರುವುದೆಂಬುದು ಮಣ್ಣಿನ ರಸಸಾರವನ್ನು ಅವಲಂಬಿಸಿದೆ.

ಹುಳಿ ಮಣ್ಣು: ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣುಗಳಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೇರಳವಾಗಿದ್ದು ರಂಜಕವನ್ನು ಬಂಧಿಸುತ್ತವೆ.

ಕ್ಷಾರ ಮತ್ತು ಸುಣ್ಣಯುಕ್ತ ಮಣ್ಣು: ಉತ್ತರ ಕರ್ನಾಟಕದ ಕಪ್ಪು ಮಣ್ಣುಗಳಲ್ಲಿ ಕ್ಯಾಲ್ಸಿಯಂ ಈ ಕಾರ್ಯವನ್ನು ಮಾಡುತ್ತದೆ.

ರಸಸಾರವು 6ರಿಂದ 7ರವರೆಗೆ ಇರುವ ಮಣ್ಣಿನಲ್ಲಿ ರಂಜಕವು ಬೆಳೆಗಳಿಗೆ ಅತಿ ಹೆಚ್ಚಾಗಿ ದೊರೆಯುತ್ತದೆ. ಒಂದು ಹಂಗಾಮಿನಲ್ಲಿ ಹಾಕಿದ ರಂಜಕದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 20ರಷ್ಟು ಮಾತ್ರ ಆ ಬೆಳೆಗೆ ದೊರೆಯುತ್ತದೆ. ಉಳಿದದ್ದು ಸಂಪೂರ್ಣವಾಗಿ ನಷ್ಟವಾಗುವುದಿಲ್ಲ; ಮಣ್ಣಿನಲ್ಲಿ ಸಂಗ್ರಹವಾಗಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ವರ್ಷಗಟ್ಟಲೆ ಡಿ.ಎ.ಪಿ. ಬಳಸಿದ ಹೊಲಗಳಲ್ಲಿ ರಂಜಕದ ಮಟ್ಟ ‘ಹೆಚ್ಚು’ ಎಂದು ವರದಿಯಾಗುವುದಕ್ಕೆ ಇದೇ ಕಾರಣ. ಅಂತಹ ಹೊಲಗಳಿಗೆ ಮತ್ತೆ ಅಷ್ಟೇ ಪ್ರಮಾಣ ಹಾಕುವುದರಿಂದ ಹಣ ವ್ಯರ್ಥವಾಗುವುದಲ್ಲದೆ ಬೆಳೆಗೆ ಸತುವಿನ ಕೊರತೆಯೂ ಉಂಟಾಗಬಹುದು.

ರಂಜಕವು ಮಣ್ಣಿನಲ್ಲಿ ಹಾಕಿದ ಸ್ಥಳದಿಂದ ಕೆಲವೇ ಮಿಲಿಮೀಟರ್‌ಗಳಷ್ಟು ಮಾತ್ರ ಚಲಿಸುತ್ತದೆ. ಆದುದರಿಂದ ರಂಜಕದ ಗೊಬ್ಬರವನ್ನು ಬಿತ್ತನೆಯ ಸಮಯದಲ್ಲಿಯೇ, ಬೀಜದ ಪಕ್ಕದಲ್ಲಿ ಸುಮಾರು 5 ಸೆಂ.ಮೀ. ಆಳದಲ್ಲಿ ಸಾಲಿನಲ್ಲಿ ಹಾಕುವುದು ಸೂಕ್ತ. ಬೆಳೆದ ಪೈರಿಗೆ ಮೇಲೆ ಎರಚುವುದರಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಗೂ ರಂಜಕ ಕರಗಿಸುವ ಜೈವಿಕ ಗೊಬ್ಬರಗಳು ಬಂಧಿತ ರಂಜಕವನ್ನು ಬಿಡಿಸಲು ನೆರವಾಗುತ್ತವೆ.

8. ಗೊಬ್ಬರದ ಚೀಲದ ಮೇಲಿನ ಅಂಕಿಗಳು

ಚೀಲದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ ಮತ್ತು ಪೊಟ್ಯಾಷ್‌ಗಳ ಶೇಕಡಾವಾರು ಪ್ರಮಾಣವನ್ನು ಸೂಚಿಸುತ್ತವೆ. ಡಿ.ಎ.ಪಿ. ಚೀಲದ ಮೇಲೆ 18:46:0 ಎಂದಿರುತ್ತದೆ. ಇಲ್ಲಿ 46 ಎಂಬುದು ಶುದ್ಧ ರಂಜಕದ ಪ್ರಮಾಣವಲ್ಲ. ರಂಜಕದ ಪೆಂಟಾಕ್ಸೈಡ್ (ಪಿ2ಓ5) ಎಂಬ ಲೆಕ್ಕದ ರೂಪದ ಪ್ರಮಾಣ. ಪೆಂಟಾಕ್ಸೈಡ್ ಪ್ರಮಾಣವನ್ನು 0.436ರಿಂದ ಗುಣಿಸಿದರೆ ರಂಜಕದ ಪ್ರಮಾಣ ದೊರೆಯುತ್ತದೆ. ರಂಜಕದ ಪ್ರಮಾಣವನ್ನು 2.29ರಿಂದ ಗುಣಿಸಿದರೆ ಪೆಂಟಾಕ್ಸೈಡ್ ಪ್ರಮಾಣ ದೊರೆಯುತ್ತದೆ.

50 ಕೆ.ಜಿ. ಡಿ.ಎ.ಪಿ. ಚೀಲದಲ್ಲಿ: ಪೆಂಟಾಕ್ಸೈಡ್ 23 ಕೆ.ಜಿ., ಅಂದರೆ ರಂಜಕ ಸುಮಾರು 10 ಕೆ.ಜಿ.; ಸಾರಜನಕ 9 ಕೆ.ಜಿ.
50 ಕೆ.ಜಿ. ಸಿಂಗಲ್ ಸೂಪರ್ ಫಾಸ್ಫೇಟ್ (ಶೇಕಡಾ 16) ಚೀಲದಲ್ಲಿ: ಪೆಂಟಾಕ್ಸೈಡ್ 8 ಕೆ.ಜಿ., ಅಂದರೆ ರಂಜಕ ಸುಮಾರು 3.5 ಕೆ.ಜಿ.; ಗಂಧಕ ಸುಮಾರು 5.5 ಕೆ.ಜಿ.

ಮಣ್ಣು ಪರೀಕ್ಷಾ ವರದಿಗಳಲ್ಲಿ ಕೆಲವೆಡೆ ರಂಜಕವೆಂದೂ ಕೆಲವೆಡೆ ಪೆಂಟಾಕ್ಸೈಡ್ ಎಂದೂ ನಮೂದಿಸಲಾಗುತ್ತದೆ. ದೊರೆಯುವ ರಂಜಕದ ಮಟ್ಟವನ್ನು ಸಾಮಾನ್ಯವಾಗಿ ಕೆಳಕಂಡಂತೆ ವರ್ಗೀಕರಿಸಲಾಗುತ್ತದೆ (ಹೆಕ್ಟೇರಿಗೆ).

ಕಡಿಮೆ: ರಂಜಕ 10 ಕೆ.ಜಿ.ಗಿಂತ ಕಡಿಮೆ, ಪೆಂಟಾಕ್ಸೈಡ್ ಸುಮಾರು 23 ಕೆ.ಜಿ.ಗಿಂತ ಕಡಿಮೆ
ಮಧ್ಯಮ: ರಂಜಕ 10ರಿಂದ ಸುಮಾರು 25 ಕೆ.ಜಿ.; ಪೆಂಟಾಕ್ಸೈಡ್ ಸುಮಾರು 23ರಿಂದ 56 ಕೆ.ಜಿ.
ಹೆಚ್ಚು: ಮೇಲ್ಕಂಡ ಪ್ರಮಾಣಕ್ಕಿಂತ ಅಧಿಕ

ಎರಡು ರೂಪಗಳನ್ನು ಒಂದೇ ಎಂದು ಭಾವಿಸಿದರೆ ಆಗುವ ನಷ್ಟಕ್ಕೆ ಒಂದು ಉದಾಹರಣೆ: ಒಂದು ಬೆಳೆಗೆ ಹೆಕ್ಟೇರಿಗೆ 40 ಕೆ.ಜಿ. ಪೆಂಟಾಕ್ಸೈಡ್ ಶಿಫಾರಸಾಗಿದೆ ಎಂದಿಟ್ಟುಕೊಳ್ಳೋಣ. ಎಕರೆಗೆ ಇದು ಸುಮಾರು 16 ಕೆ.ಜಿ. ಆಗುತ್ತದೆ. ಇದನ್ನು ಒದಗಿಸಲು ಸುಮಾರು 35 ಕೆ.ಜಿ. ಡಿ.ಎ.ಪಿ. ಅಥವಾ ಎರಡು ಚೀಲ ಸೂಪರ್ ಫಾಸ್ಫೇಟ್ ಸಾಕು. ಅದೇ 16 ಕೆ.ಜಿ.ಯನ್ನು ಶುದ್ಧ ರಂಜಕವೆಂದು ತಿಳಿದು ಲೆಕ್ಕ ಹಾಕಿದರೆ ಸುಮಾರು 80 ಕೆ.ಜಿ. ಡಿ.ಎ.ಪಿ. ಬೇಕೆಂದು ತೋರುತ್ತದೆ. ಅಂದರೆ ಅಗತ್ಯಕ್ಕಿಂತ ಎರಡು ಪಟ್ಟಿಗೂ ಮೀರಿದ ಖರ್ಚು ರೈತರ ಮೇಲೆ ಬೀಳುತ್ತದೆ. ಆದುದರಿಂದ ಅಂಕಿಯ ಪಕ್ಕದಲ್ಲಿ ನಮೂದಾಗಿರುವ ರೂಪವನ್ನು ಗಮನಿಸಿದ ನಂತರವೇ ಗೊಬ್ಬರ ಖರೀದಿಸಬೇಕೆಂದು ಕೋರಲಾಗಿದೆ.

9. ಮಣ್ಣಿನ ಮಾದರಿ ಸಲ್ಲಿಸುವವರ ಗಮನಕ್ಕೆ

(1) ಮಾದರಿಯನ್ನು ಬಿತ್ತನೆಗೆ ಮುಂಚಿತವಾಗಿ, ಗೊಬ್ಬರ ಹಾಕುವುದಕ್ಕೆ ಮೊದಲು ತೆಗೆಯತಕ್ಕದ್ದು.
(2) ಹೊಲದ 10ರಿಂದ 15 ಕಡೆಗಳಲ್ಲಿ ‘ವಿ’ ಆಕಾರದ ಗುಂಡಿ ತೋಡಿ, ಮೇಲಿನಿಂದ 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಸಮವಾಗಿ ಕೆರೆದು ತೆಗೆಯಬೇಕು.
(3) ಬದು, ಮರದ ನೆರಳು, ತಿಪ್ಪೆ ಹಾಗೂ ನೀರಿನ ಕಾಲುವೆಯ ಬಳಿಯ ಮಣ್ಣನ್ನು ತೆಗೆಯಬಾರದು.
(4) ಎಲ್ಲ ಮಣ್ಣನ್ನು ಬೆರೆಸಿ, ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗಗಳನ್ನು ಬಿಡುತ್ತಾ ಅರ್ಧ ಕೆ.ಜಿ. ಉಳಿಸಿಕೊಳ್ಳಬೇಕು. ಅದನ್ನು ನೆರಳಿನಲ್ಲಿ ಒಣಗಿಸಬೇಕು.
(5) ಗೊಬ್ಬರ ತುಂಬಿದ್ದ ಚೀಲದಲ್ಲಿ ಮಾದರಿಯನ್ನು ತುಂಬಬಾರದು. ಚೀಲಕ್ಕೆ ಅಂಟಿದ ಅಲ್ಪ ಗೊಬ್ಬರವೂ ರಂಜಕದ ಅಂಕಿಯನ್ನು ತಪ್ಪಾಗಿ ಏರಿಸುತ್ತದೆ.
(6) ರೈತರ ಹೆಸರು, ಗ್ರಾಮ, ಸರ್ವೆ ನಂಬರು, ನೀರಾವರಿಯ ವಿವರ, ಹಿಂದಿನ ಹಾಗೂ ಮುಂದಿನ ಬೆಳೆಯ ವಿವರಗಳುಳ್ಳ ಚೀಟಿಯನ್ನು ಮಾದರಿಯೊಡನೆ ಇಡಬೇಕು.

ಮಟ್ಟವು ‘ಕಡಿಮೆ’ ಎಂದಿದ್ದಲ್ಲಿ ಬೆಳೆಯ ಶಿಫಾರಸಿಗಿಂತ ಶೇಕಡಾ 25ರಷ್ಟು ಹೆಚ್ಚು, ‘ಮಧ್ಯಮ’ ಎಂದಿದ್ದಲ್ಲಿ ಶಿಫಾರಸಿನಷ್ಟು, ‘ಹೆಚ್ಚು’ ಎಂದಿದ್ದಲ್ಲಿ ಶೇಕಡಾ 25ರಷ್ಟು ಕಡಿಮೆ ರಂಜಕ ಹಾಕುವುದು ಸಾಮಾನ್ಯ ಪದ್ಧತಿಯಾಗಿದೆ.

10. ಮಿತವ್ಯಯದ ಅವಶ್ಯಕತೆ

ಶಿಲಾ ರಂಜಕವು ಗಣಿಯಿಂದ ತೆಗೆಯಲಾಗುವ, ಮರಳಿ ತುಂಬದ ಸಂಪತ್ತಾಗಿದೆ. ಜಗತ್ತಿನ ನಿಕ್ಷೇಪದ ಸುಮಾರು ಶೇಕಡಾ 70ರಷ್ಟು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾ ಪ್ರದೇಶದಲ್ಲಿದೆ. ಭಾರತದಲ್ಲಿ ರಾಜಸ್ಥಾನದ ಉದಯಪುರದ ಸಮೀಪದ ಝಾಮರ್‌ಕೋಟ್ರಾ ಪ್ರಮುಖ ಗಣಿಯಾಗಿದೆ. ದೇಶದ ಅಗತ್ಯದ ಬಹುಪಾಲನ್ನು ಶಿಲಾ ರಂಜಕ, ಫಾಸ್ಫಾರಿಕ್ ಆಮ್ಲ ಅಥವಾ ಸಿದ್ಧ ಗೊಬ್ಬರದ ರೂಪದಲ್ಲಿ ಆಮದು ಮಾಡಿಕೊಳ್ಳಲಾಗುತ್ತಿದೆ. ವಿದ್ಯುತ್ ವಾಹನಗಳ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಿಗೂ ಈಗ ರಂಜಕವು ಬೇಕಾಗಿದೆ.

ಇನ್ನೊಂದೆಡೆ, ಚರಂಡಿ ನೀರು ಮತ್ತು ಮಾರ್ಜಕಗಳ ಮೂಲಕ ಕೆರೆ ಸೇರುವ ರಂಜಕವು ಪಾಚಿ ಹಾಗೂ ಅಂತರಗಂಗೆಯಂತಹ ಜಲಕಳೆಗಳನ್ನು ಬೆಳೆಸುತ್ತದೆ. ಇವು ಕೊಳೆತಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಹೊಲಕ್ಕೆ ಸಾಲದ ಧಾತುವೇ ಕೆರೆಗೆ ಅಧಿಕವಾಗುತ್ತಿದೆ. ಇಳಿಜಾರಿನ ಹೊಲಗಳಲ್ಲಿ ಬದು ನಿರ್ಮಿಸಿ ಮಣ್ಣಿನ ಕೊಚ್ಚಣೆಯನ್ನು ತಡೆಯುವುದರಿಂದ ರಂಜಕವೂ ಹೊಲದಲ್ಲಿಯೇ ಉಳಿಯುತ್ತದೆ.

11. ಸುರಕ್ಷತಾ ಸೂಚನೆ

ಮಾರುಕಟ್ಟೆಯಲ್ಲಿ ದೊರೆಯುವ ಕೆಲವು ಇಲಿ ಪಾಷಾಣದ ಪೇಸ್ಟ್‌ಗಳಲ್ಲಿ ಹಳದಿ ರಂಜಕವಿರುತ್ತದೆ. ಇದು ಯಕೃತ್ತಿಗೆ ತೀವ್ರ ಹಾನಿ ಮಾಡುವ ವಿಷವಾಗಿದ್ದು ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಸೇವಿಸಿದವರು ಮೊದಲಿನ ವಾಂತಿ, ಹೊಟ್ಟೆನೋವುಗಳ ನಂತರ ಒಂದೆರಡು ದಿನ ಚೇತರಿಸಿಕೊಂಡಂತೆ ಕಾಣಬಹುದು. ಯಕೃತ್ತಿನ ವೈಫಲ್ಯವು ಅನಂತರ ಕಾಣಿಸಿಕೊಳ್ಳುತ್ತದೆ. ಆದುದರಿಂದ ಮಕ್ಕಳು ಅಕಸ್ಮಾತ್ ಬಾಯಿಗೆ ಹಾಕಿಕೊಂಡಿರುವ ಸಂಶಯ ಬಂದರೂ, ಆರಾಮವಾಗಿ ಕಂಡರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ವಾಂತಿ ಮಾಡಿಸುವುದಾಗಲಿ, ಹಾಲು ಅಥವಾ ಎಣ್ಣೆ ಕುಡಿಸುವುದಾಗಲಿ ಮಾಡಬಾರದು. ಪೇಸ್ಟ್‌ನ ಪೊಟ್ಟಣವನ್ನು ಜೊತೆಯಲ್ಲಿ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು. ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಳಿ ರಂಜಕ ವಿಷಕಾರಿಯಾಗಿದ್ದರೆ ರಂಜಕದ ಗೊಬ್ಬರವೂ ಬೆಂಕಿ ಹತ್ತಿಕೊಳ್ಳುವುದೇ?
ಉತ್ತರ: ಇಲ್ಲ. ಗೊಬ್ಬರದಲ್ಲಿರುವುದು ಆಮ್ಲಜನಕದೊಡನೆ ಈಗಾಗಲೇ ಪೂರ್ಣವಾಗಿ ಸೇರಿರುವ ಫಾಸ್ಫೇಟ್. ಅದು ಬಿಳಿ ರಂಜಕದಂತೆ ತಾನಾಗಿ ಉರಿಯುವುದಿಲ್ಲ. ಆದರೂ ಗೊಬ್ಬರವನ್ನು ಆಹಾರ ಪದಾರ್ಥಗಳಿಂದ ದೂರವಿಡಬೇಕು.

ಪ್ರಶ್ನೆ: ಶಿಲಾ ರಂಜಕದ ಪುಡಿಯನ್ನು ನೇರವಾಗಿ ಹೊಲಕ್ಕೆ ಹಾಕಬಹುದೇ?
ಉತ್ತರ: ಹುಳಿ ಮಣ್ಣಿನಲ್ಲಿ, ಮುಖ್ಯವಾಗಿ ತೋಟದ ಬೆಳೆಗಳಿಗೆ ಹಾಕಬಹುದು, ಅಲ್ಲಿ ಅದು ನಿಧಾನವಾಗಿ ಕರಗುತ್ತದೆ. ಕಪ್ಪು ಮಣ್ಣಿನಲ್ಲಿ ಕರಗುವುದು ಅತ್ಯಲ್ಪ.

ಪ್ರಶ್ನೆ: ಡಿ.ಎ.ಪಿ. ದೊರೆಯದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಸೂಪರ್ ಫಾಸ್ಫೇಟ್ ಮತ್ತು ಯೂರಿಯಾಗಳನ್ನು ಲೆಕ್ಕಕ್ಕೆ ಅನುಗುಣವಾಗಿ ಬಳಸಬಹುದು. ಇದರಿಂದ ಗಂಧಕವೂ ದೊರೆಯುವುದರಿಂದ ಎಣ್ಣೆಕಾಳು ಮತ್ತು ದ್ವಿದಳ ಬೆಳೆಗಳಿಗೆ ಅನುಕೂಲವಾಗುತ್ತದೆ. 10:26:26, 12:32:16 ಮುಂತಾದ ಸಂಯುಕ್ತ ಗೊಬ್ಬರಗಳಲ್ಲಿಯೂ ರಂಜಕವಿರುತ್ತದೆ.

ಪ್ರಶ್ನೆ: ನಮ್ಮ ವರದಿಯಲ್ಲಿ ರಂಜಕ ‘ಹೆಚ್ಚು’ ಎಂದಿದೆ. ಆದರೂ ಎಲೆಗಳು ನೇರಳೆಯಾಗಿವೆ. ಕಾರಣವೇನು?
ಉತ್ತರ: ಚಳಿ, ನೀರು ನಿಲ್ಲುವಿಕೆ ಅಥವಾ ಬೇರಿನ ಹಾನಿಯಿಂದಲೂ ಗಿಡವು ರಂಜಕವನ್ನು ಹೀರಿಕೊಳ್ಳಲಾರದು. ಗೊಬ್ಬರ ಹೆಚ್ಚಿಸುವುದಕ್ಕೆ ಮೊದಲು ಕೃಷಿ ಅಧಿಕಾರಿಗಳ ಸಲಹೆ ಪಡೆಯುವುದು ಸೂಕ್ತ.

ಮಣ್ಣು ಪರೀಕ್ಷೆ ಹಾಗೂ ಗೊಬ್ಬರದ ಶಿಫಾರಸಿನ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.